ಹಳೆಯ ಐತಿಹಾಸಿಕ, ಪೌರಾಣಿಕ ಸಿನಿಮಾ ಮನೆಯಲ್ಲಿ ನೋಡುವವರಿಗೆ

ಮೊದಲು ಟಿವಿಯ ಸೆಟ್ಟಿಂಗ್ ನೋಡಿ. ಹಳೆಯ ಸಿನಿಮಾದಲ್ಲಿ ಮುಖಗಳು ದಪ್ಪಗೆ, ಕಿರೀಟ ಅಗಲವಾಗಿ ಕಂಡರೆ ಚಿತ್ರವನ್ನು ಎಳೆದು ತೋರಿಸ್ತಿದೆ ಅಂತ ಅರ್ಥ. ಪಿಕ್ಚರ್ ಸೈಜ್ ಬದಲಿಸಿ. ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೂ ಪರವಾಗಿಲ್ಲ.

ನನ್ನ ಮೆಚ್ಚಿನದು 1977ರ 'ಬಭ್ರುವಾಹನ'. ಅರ್ಜುನ, ಬಭ್ರುವಾಹನ ಎರಡೂ ಪಾತ್ರ ರಾಜಕುಮಾರ್ ಅವರದೇ. ಅಪ್ಪ ಮಗ ಎದುರುಬದುರು ನಿಂತು ಮಾತಿಗೆ ಮಾತು ಬೆಳೆಸುವಾಗ ಕಣ್ಣುಗಳನ್ನೇ ಗಮನಿಸಿ. ನಮ್ಮ ಮನೆಯ ಪುಟ್ಟಿ "ಅಜ್ಜಿ, ಇಬ್ಬರೂ ಒಬ್ಬರೇನಾ?" ಅಂತ ಮೂರು ಸಲ ಕೇಳಿದಳು. ಮಕ್ಕಳ ಜೊತೆ ಕೂರುವುದಾದರೆ ಬಭ್ರುವಾಹನನ ತಾಯಿ ಚಿತ್ರಾಂಗದೆಯ ಕಥೆ ಮೊದಲೇ ಹೇಳಿಬಿಡಿ. ಆಗ ಗ್ರಾಂಥಿಕ ಮಾತು ಅರ್ಥವಾಗದಿದ್ದರೂ ಜಗಳ ಯಾಕೆ ಅಂತ ಗೊತ್ತಿರುತ್ತೆ.

'ಮಯೂರ' (1975) ನೋಡುವವರು ಇನ್ನೊಂದು ಕೆಲಸ ಮಾಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಲ್ಲಿ, ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರರ ಜೊತೆ ಜಗಳವಾಗಿ ಕತ್ತಿ ಹಿಡಿದದ್ದು ಇದೆ. ಅದರ ಕನ್ನಡ ಅನುವಾದ ಸಿಕ್ಕರೆ ಓದಿ, ಆಮೇಲೆ ಸಿನಿಮಾ ಹಾಕಿ. ಸಿನಿಮಾ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧರಿಸಿದ್ದು, ಹಾಗಾಗಿ ಕಲ್ಪನೆಯೂ ಇದೆ. ಯಾವುದು ಕಲ್ಲಿನ ಮಾತು, ಯಾವುದು ಕಥೆಗಾರರದು ಅಂತ ಹುಡುಕುವುದೇ ಒಂದು ಖುಷಿ, ಅಲ್ವಾ?

ಉದ್ದ ಅನ್ನಿಸಿದರೆ ಎರಡು ದಿನಕ್ಕೆ ಹಂಚಿಕೊಳ್ಳಿ. ಹಾಡುಗಳನ್ನು ಮಾತ್ರ ಓಡಿಸಬೇಡಿ, ಕಥೆ ಅಲ್ಲೇ ಮುಂದುವರಿಯುತ್ತೆ.