ಜರ್ಮನಿಗೆ ಬಂದವರ ಡಿಎಲ್ ಬದಲಾವಣೆ: ಮೊದಲ ತಿಂಗಳಲ್ಲೇ ಶುರುಮಾಡಿ

ಕರ್ನಾಟಕದ ಡಿಎಲ್ ಇಟ್ಟುಕೊಂಡು ಜರ್ಮನಿಯಲ್ಲಿ ಕಾರು ಓಡಿಸಲು ಸಿಗುವುದು ಆರೇ ತಿಂಗಳು. ಅಲ್ಲಿ ವಾಸ ಹೂಡಿದ ದಿನದಿಂದ ಲೆಕ್ಕ. ಇಂಟರ್‌ನ್ಯಾಷನಲ್ ಪರ್ಮಿಟ್ ಇದ್ದರೂ ಆರು ಏಳಾಗುವುದಿಲ್ಲ, ಅರ್ಜಿ ಹಾಕಿದ ಮಾತ್ರಕ್ಕೂ ಗಡುವು ಮುಂದಕ್ಕೆ ಹೋಗುವುದಿಲ್ಲ. ಒಟ್ಟು ವಾಸವೇ ಒಂದು ವರ್ಷ ಮೀರದೆಂದು ತೋರಿಸಬಲ್ಲವರಿಗೆ ಮಾತ್ರ ವಿಸ್ತರಣೆ ಸಿಗಬಹುದು. ಗಡುವಿನ ನಂತರ ಓಡಿಸಿದರೆ ಅದು ಲೈಸೆನ್ಸೇ ಇಲ್ಲದೆ ಓಡಿಸಿದ ಕ್ರಿಮಿನಲ್ ಅಪರಾಧ; ಒಂದು ವರ್ಷದವರೆಗೆ ಜೈಲಿಗೂ ಅವಕಾಶವಿದೆ. ಬದಲಾಯಿಸಿಕೊಳ್ಳುವ ಅರ್ಜಿಯನ್ನು ಮಾತ್ರ ಆಮೇಲೂ ಹಾಕಬಹುದು.

ಜಪಾನ್, ದಕ್ಷಿಣ ಕೊರಿಯಾದವರಿಗೆ ಪರೀಕ್ಷೆಯಿಲ್ಲದೆ ಕಾರ್ಡು ಬದಲಾಗುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಮಗೆ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಉಂಟು. ಹೊಸದಾಗಿ ಡ್ರೈವಿಂಗ್ ಕಲಿಯುವವರು ಕಡ್ಡಾಯವಾಗಿ ಕೂರಬೇಕಾದ ತರಗತಿಗಳಿಂದ ವಿನಾಯಿತಿ ಇದೆ, ದೊಡ್ಡ ಉಳಿತಾಯ ಅದೇ. ಜರ್ಮನಿಯಲ್ಲಿ ನೆಲೆಸಿದ ಮೇಲೆ ರಜೆಗೆ ಊರಿಗೆ ಹೋಗಿ ಮಾಡಿಸಿಕೊಂಡು ಬಂದ ಡಿಎಲ್‌ಗೆ ಬೆಲೆಯಿಲ್ಲ. ಎಲ್‌ಎಲ್‌ಆರ್‌ಗಂತೂ ಇಲ್ಲವೇ ಇಲ್ಲ.

ಮೊದಲು ಡ್ರೈವಿಂಗ್ ಸ್ಕೂಲ್, ಅಂದರೆ ಫಾರ್‌ಶೂಲೆ, ಗೊತ್ತುಮಾಡಿ. ಅರ್ಜಿಯಲ್ಲಿ ಅದರ ಹೆಸರು ಕೇಳುವುದು ವಾಡಿಕೆ. ಡ್ರೈವಿಂಗ್ ಪರೀಕ್ಷೆಯೂ ಅವರ ಕಾರಿನಲ್ಲೇ. ಪಾಸ್‌ಪೋರ್ಟ್, ವಿಳಾಸ ನೋಂದಣಿಯ ಕಾಗದ, ಬಯೋಮೆಟ್ರಿಕ್ ಫೋಟೊ, ಮೂಲ ಡಿಎಲ್ ಕಾರ್ಡು ಮತ್ತು ಅದರ ಜರ್ಮನ್ ಅನುವಾದ ಬೇಕು. ಅನುವಾದವನ್ನು ಎಡಿಎಸಿ (ಜರ್ಮನಿಯ ವಾಹನ ಸವಾರರ ಸಂಘ) ಅಥವಾ ಪ್ರಮಾಣಿತ ಅನುವಾದಕರಿಂದ ಮಾಡಿಸಿ. ಕನ್ನಡಕದ ಅಂಗಡಿಯಲ್ಲಿ ಕಣ್ಣಿನ ಪರೀಕ್ಷೆ ಆಗುತ್ತದೆ, 6.43 ಯೂರೊ. ಪ್ರಥಮ ಚಿಕಿತ್ಸೆಯ ತರಬೇತಿ 45 ನಿಮಿಷದ 9 ಪಾಠ, ಒಂದೇ ದಿನದಲ್ಲಿ ಮುಗಿಯುತ್ತದೆ. ಇವನ್ನೆಲ್ಲ ಲೈಸೆನ್ಸ್ ಕಚೇರಿಗೆ ಕೊಟ್ಟ ಮೇಲೆ ಮಂಜೂರಾತಿಗೆ ವಾರಗಳು, ದೊಡ್ಡ ಊರುಗಳಲ್ಲಿ ತಿಂಗಳುಗಳೇ ಹಿಡಿಯಬಹುದು. ಬೇಗ ಶುರುಮಾಡಿ ಎನ್ನುವುದು ಇದಕ್ಕೇ.

ಥಿಯರಿಯನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. ಹಿಂದಿ, ಕನ್ನಡ ಇಲ್ಲ. 30 ಪ್ರಶ್ನೆ; ತಪ್ಪಾದ ಪ್ರಶ್ನೆಗಳ ಅಂಕ ಸೇರಿಸಿದರೆ ಬರುವುದು ತಪ್ಪಂಕ, ಅದು 10ರವರೆಗೆ ಇದ್ದರೆ ಪಾಸು. ಆದರೆ 5 ಅಂಕದ ಎರಡು ಪ್ರಶ್ನೆ ತಪ್ಪಿದರೆ ಮೊತ್ತ 10 ಇದ್ದರೂ ಫೇಲು. ಆ 5 ಅಂಕದವು ಹೆಚ್ಚಾಗಿ ಯಾರಿಗೆ ಮೊದಲ ದಾರಿ ಎಂಬುದರ ಮೇಲೆಯೇ ಇರುತ್ತವೆ. ಪಾಸಾದ ಮೇಲೆ ಒಂದು ವರ್ಷದೊಳಗೆ ಡ್ರೈವಿಂಗ್ ಪರೀಕ್ಷೆ ಮುಗಿಸಬೇಕು.

ಅದು ಒಟ್ಟು 55 ನಿಮಿಷ, ಜರ್ಮನ್ ಭಾಷೆಯಲ್ಲಿ. ಎಡ, ಬಲ, ನೇರ, ಮುಂದಿನ ತಿರುವು, ಪಾರ್ಕಿಂಗ್ ಎಂಬಷ್ಟು ಮಾತಾದರೂ ಕಿವಿಗೆ ಬಿದ್ದೊಡನೆ ಅರ್ಥವಾಗಬೇಕು. ಹತ್ತು ವರ್ಷ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸಿದವರೂ ಇಲ್ಲಿ ಎಡವುತ್ತಾರೆ. ಸ್ಟೀರಿಂಗ್ ಎಡಕ್ಕಿರುವುದಕ್ಕಲ್ಲ, ಅದು ಎರಡು ದಿನದಲ್ಲಿ ರೂಢಿಯಾಗುತ್ತದೆ. ಕೆಡಿಸುವುದು ಬೇರೆ. ಬೋರ್ಡೂ ಸಿಗ್ನಲ್ಲೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ಓಣಿಯಿಂದ ಬರುವ ಸಣ್ಣ ಕಾರಾದರೂ ಸರಿ, ನೀವೇ ನಿಲ್ಲಬೇಕು. ಬಲಕ್ಕೆ ತಿರುಗುವ ಮುನ್ನ ಕನ್ನಡಿ ನೋಡಿದ್ದು ಸಾಲದು, ಭುಜದ ಮೇಲಿಂದ ಹಿಂತಿರುಗಿ ನೋಡಬೇಕು. ಪಕ್ಕದಲ್ಲಿ ಸೈಕಲ್ ಬರುತ್ತಿದ್ದರೆ ಅದು ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಪರೀಕ್ಷಕರಿಗೆ ಈ ಕತ್ತಿನ ತಿರುವು ಕಾಣಬೇಕು, ನಾಚಿಕೆಯಿಲ್ಲದೆ ತಿರುಗಿಸಿ. ಸ್ಟಾಪ್ ಬೋರ್ಡಿನಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ತೆವಳಿದರೆ ಫೇಲು. ಸೈಕಲನ್ನು ಹಿಂದೆ ಹಾಕುವಾಗ ಊರೊಳಗೆ 1.5 ಮೀಟರ್, ಹೊರಗೆ 2 ಮೀಟರ್ ಅಂತರ ಬಿಡಿ. ಹುಷಾರಿಗೆಂದು 100ರ ರಸ್ತೆಯಲ್ಲಿ ಕಾರಣವಿಲ್ಲದೆ 60ರಲ್ಲಿ ಹೋಗುವುದೂ ತಪ್ಪೇ.

ಕಡ್ಡಾಯವಲ್ಲದಿದ್ದರೂ ಐದಾರು ಪಾಠಗಳಿಗೆ ದುಡ್ಡು ಎತ್ತಿಡಿ, ಒಮ್ಮೆ ಫೇಲಾಗಿ ಮತ್ತೆ ಪರೀಕ್ಷೆ ಶುಲ್ಕ, ಕಾರಿನ ಬಾಡಿಗೆ ಕಟ್ಟುವುದಕ್ಕಿಂತ ಅದು ಲೇಸು. ಬೈಕ್ ಲೈಸೆನ್ಸಿಗೆ ಪರೀಕ್ಷೆಯೇ ಬೇರೆ.

ಹೊಸ ಕಾರ್ಡು ಕೈಗೆ ಬರುವಾಗ ಭಾರತದ ಡಿಎಲ್ ಒಪ್ಪಿಸಬೇಕಾಗುತ್ತದೆ. ಅದಕ್ಕೆ ಮುಂಚೆ ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.