ಮೈಕ್ರೋಮೀಟರ್‌ನಿಂದ ಶುರು ಮಾಡಿದ ಕ್ವಾಲಿಟಿ ಟ್ರೈನಿಂಗ್: ನನ್ನ ಅನುಭವ

ಪೀಣ್ಯದಲ್ಲಿ ನಮ್ಮದೊಂದು ಜಾಬ್ ಶಾಪ್, ಅಂದರೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪ್. ಎಂಟು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಕಡೆಯುವ ಮಷೀನ್) ಇವೆ. ಆಪರೇಟರ್, ಹೆಲ್ಪರ್ ಎಲ್ಲ ಸೇರಿ ಜನ ನಲವತ್ತರ ಹತ್ತಿರ. ಅರ್ಧ ಹುಡುಗರು ಗದಗ, ಹಾವೇರಿ ಕಡೆ ಐಟಿಐ ಮುಗಿಸಿ ಬಂದವರು. ಉಳಿದವರು ಒಡಿಶಾ, ಬಿಹಾರದವರು. ಇವರಿಗೆ ಕ್ವಾಲಿಟಿ ಕಲಿಸಿ ರಿಜೆಕ್ಷನ್ ಇಳಿಸುತ್ತೇನೆ ಅಂದಾಗ ಓನರ್ ನಕ್ಕರು. "ಏನ್ರೀ, ದೀಪಾವಳಿಗೆ ಊರಿಗೆ ಹೋದೋನು ವಾಪಸ್ ಬರ್ತಾನೋ ಇಲ್ವೋ ಗೊತ್ತಿಲ್ಲ. ಅವನಿಗೆ ಟ್ರೈನಿಂಗ್ ಬೇರೆ ಕೇಡು!"

ನೂರಕ್ಕೆ ನಾಲ್ಕರಂತೆ ರಿಜೆಕ್ಟ್ ಆಗಿ ಹೋಗುತ್ತಿದ್ದ ಮಾಲು ಈಗ ನೂರಕ್ಕೆ ಒಂದರ ಆಸುಪಾಸಿಗೆ ಇಳಿದಿದೆ. ಆರೇಳು ತಿಂಗಳಿಂದ ಅಲ್ಲೇ ನಿಂತಿದೆ. ಅದಕ್ಕೇ ಬರೆಯುವ ಧೈರ್ಯ ಬಂದಿದ್ದು.

ಮೊದಲು ದುಡ್ಡು ಎಲ್ಲೆಲ್ಲಿ ನೀರಿಗೆ ಹೋಯಿತು ಅಂತ ಹೇಳಿಬಿಡುತ್ತೇನೆ. ನಾನು ಸೇರುವ ಮುಂಚೆ ಇಲ್ಲೊಂದು ಎರಡು ದಿನದ ಪ್ರೋಗ್ರಾಂ ನಡೆದಿತ್ತು. ಹೊರಗಿನ ಕನ್ಸಲ್ಟೆಂಟ್, ಎಸಿ ಹಾಲು, ಊಟ, ಸರ್ಟಿಫಿಕೇಟು. ಫೀಸೇ ಮೂವತ್ತೈದು ಸಾವಿರ. ಅರ್ಧ ಮಷೀನು ನಿಂತದ್ದನ್ನೂ ಸೇರಿಸಿದರೆ ಅರವತ್ತು ದಾಟುತ್ತದೆ. ಫೈವ್ ಎಸ್ (ಕೆಲಸದ ಜಾಗ ಓರಣವಾಗಿಡುವ ಜಪಾನಿ ಪದ್ಧತಿ), ಪಿಡಿಸಿಎ (ಯೋಜಿಸು, ಮಾಡು, ನೋಡು, ತಿದ್ದು), ಸೆವೆನ್ ಕ್ಯೂಸಿ ಟೂಲ್ಸ್ (ದೋಷದ ಕಾರಣ ಹುಡುಕುವ ಏಳು ಥರದ ಚಾರ್ಟು, ಪಟ್ಟಿ), ಸಾಲದ್ದಕ್ಕೆ ಸಿಕ್ಸ್ ಸಿಗ್ಮಾ, ಎಲ್ಲವೂ ಎರಡೇ ದಿನಕ್ಕೆ, ಇಂಗ್ಲಿಷ್ ಸ್ಲೈಡಿನಲ್ಲಿ. ಹುಡುಗರು ಈಗಲೂ ಸೆಯಿರಿ, ಸೆಯಿಟಾನ್ ಅಂತ ಫೈವ್ ಎಸ್‌ನ ಜಪಾನಿ ಪದಗಳನ್ನು ಮಗ್ಗಿ ಥರ ಒಪ್ಪಿಸುತ್ತಾರೆ. ರಿಜೆಕ್ಷನ್ ಮಾತ್ರ ಕದಲಲಿಲ್ಲ.

ಆಮೇಲೆ ಬಂದದ್ದು ಸಲಹಾ ಪೆಟ್ಟಿಗೆ. ಮೊದಲ ವಾರ ನಾಲ್ಕೈದು ಚೀಟಿ ಬಂದವು, ಎಲ್ಲವೂ ಕ್ಯಾಂಟೀನ್ ಸಾಂಬಾರಿನ ಮೇಲೆ. ಎರಡನೇ ತಿಂಗಳಿಗೆ ಅದರೊಳಗೆ ಗುಟ್ಕಾ ಪ್ಯಾಕೆಟ್ಟು.

ಇವೆಲ್ಲಕ್ಕಿಂತ ಕೆಟ್ಟದ್ದು ಐನೂರು ರೂಪಾಯಿ ಬಹುಮಾನ. ತಿಂಗಳಿಡೀ ರಿಜೆಕ್ಷನ್ ಇಲ್ಲದ ಆಪರೇಟರ್‌ಗೆ ಕೊಡುವುದು ಅಂತ ಆಯಿತು. ಮೊದಲ ತಿಂಗಳೇ ನಾಲ್ಕು ಜನ ಗೆದ್ದರು. ಓನರ್‌ಗೆ ಖುಷಿಯೋ ಖುಷಿ. ಗುಜರಿಯವನು ಚಿಪ್ಸ್ ತುಂಬಿಕೊಳ್ಳಲು ಬಂದಾಗ ಡಬ್ಬದ ತಳದಲ್ಲಿ ಫಿನಿಶ್ ಆದ ಶಾಫ್ಟುಗಳು ಸಿಕ್ಕವು, ಒಂದೂವರೆ ಕ್ರೇಟಿನಷ್ಟು! ಹುಡುಗರನ್ನು ಬೈದು ಏನು ಪ್ರಯೋಜನ? ತಪ್ಪು ತೋರಿಸಿದರೆ ದುಡ್ಡು ಹೋಗುತ್ತದೆ ಅಂದ ಮೇಲೆ ಯಾರು ತೋರಿಸುತ್ತಾರೆ ಹೇಳಿ.

ನನ್ನ ರೀತಿ ಬೇರೆ. ಹಾಲ್ ಬೇಡ, ಸ್ಲೈಡ್ ಬೇಡ. ಬೆಳಗಿನ ಟೀ ಆದ ತಕ್ಷಣ ಇಪ್ಪತ್ತು ನಿಮಿಷ, ಮಷೀನ್ ಪಕ್ಕದಲ್ಲೇ, ವಾರಕ್ಕೆ ಮೂರು ಸಲ. ನಮ್ಮ ಮಷೀನ್ ಅವರ್ ರೇಟು ಮುನ್ನೂರೈವತ್ತರ ಹತ್ತಿರ. ಎಂಟೂ ಮಷೀನ್ ನಿಲ್ಲಿಸಿದರೂ ಒಂದು ಸಲಕ್ಕೆ ಒಂಬೈನೂರ ಚಿಲ್ಲರೆ ಲಾಸು. ಟೀ ಟೈಮಿಗೇ ಅಂಟಿಸಿದ್ದರಿಂದ ಅಷ್ಟೂ ಆಗಲಿಲ್ಲ.

ಏಳು ಟೂಲ್ಸ್ ಮುಟ್ಟುವ ಮೊದಲು ಅಳತೆ ಹಿಡಿದೆ. ಆಗ ನಮಗೆ ಜಾಸ್ತಿ ತಲೆನೋವು ಕೊಡುತ್ತಿದ್ದದ್ದು ಒಂದು ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ, 40 ಎಂಎಂ, ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಮ್ಮಿ) ಎಚ್6. ಅಂದರೆ 40.000ದಿಂದ 39.984, ಹದಿನಾರು ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಭಾಗ) ಅಷ್ಟೇ. ಗ್ರೈಂಡಿಂಗ್ ಬೇಡ, ಟರ್ನಿಂಗ್‌ನಲ್ಲೇ ಫಿನಿಶ್ ಕೊಡಿ ಅಂತ ಕಸ್ಟಮರ್ ರೇಟು ಇಳಿಸಿದ್ದ. ಆರು ಪೀಸಿಗೆ ಮಾರ್ಕರ್‌ನಲ್ಲಿ ನಂಬರ್ ಹಾಕಿದೆ. ಎಲ್ಲರೂ ಅದೇ ಆರನ್ನು ಡಿಜಿಟಲ್ ಮೈಕ್ರೋಮೀಟರ್‌ನಲ್ಲಿ ಅಳೆದು, ಪಕ್ಕದವನಿಗೆ ತೋರಿಸದೆ ಚೀಟಿಯಲ್ಲಿ ಬರೆದು ಕೊಡಬೇಕು. ಚೀಟಿ ಬಿಚ್ಚಿ ಬೋರ್ಡಿನ ಮೇಲೆ ಬರೆದರೆ, ಒಂದೇ ಪೀಸಿಗೆ ಒಬ್ಬನಿಂದ ಇನ್ನೊಬ್ಬನಿಗೆ ಹನ್ನೆರಡು ಹದಿಮೂರು ಮೈಕ್ರಾನ್ ವ್ಯತ್ಯಾಸ! ಟಾಲರೆನ್ಸೇ ಹದಿನಾರು. ಕೆಲವರು ರಾಚೆಟ್ (ಹೆಚ್ಚು ಬಿಗಿಯಾಗದಂತೆ ತಡೆಯುವ ತುದಿಯ ತಿರುಗಣೆ) ಮುಟ್ಟುವುದೇ ಇಲ್ಲ, ಥಿಂಬಲ್ಲನ್ನೇ ತಿರುಗಿಸಿ ಬಿಗಿಯುತ್ತಾರೆ. ಇಬ್ಬರ ಮೈಕ್ರೋಮೀಟರ್ ಝೀರೋನೇ ಕೂತಿರಲಿಲ್ಲ. ಇಷ್ಟು ಸರಿ ಮಾಡಲು ಎರಡು ವಾರ ಹಿಡಿಯಿತು. ಖರ್ಚು ಒಂದು ಮೈಕ್ರೋಮೀಟರ್ ರಿಪೇರಿಗೆ ಆದಷ್ಟೇ.

ಅಸಲಿ ಕಳ್ಳ ಸಿಕ್ಕಿದ್ದು ಕ್ರೇಟಿನಲ್ಲಿ. ಪ್ಯಾರೆಟೊ ಚಾರ್ಟು, ಅಂದರೆ ಯಾವ ದೋಷ ಜಾಸ್ತಿ ಅಂತ ತೋರಿಸುವ ಕಂಬ, ಬೋರ್ಡಿನ ಮೇಲೆ ಬರೆದರೆ ಯಾರೂ ತಿರುಗಿ ನೋಡಲ್ಲ. ನಾನು ಐದು ಕೆಂಪು ಕ್ರೇಟು ಸಾಲಾಗಿ ಇಡಿಸಿದೆ. ಅಂಡರ್‌ಸೈಜ್, ಓವರ್‌ಸೈಜ್, ಫಿನಿಶ್, ಡೆಂಟು, ಇತರೆ. ಯಾರ ಕೈಲಿ ಕೆಟ್ಟಿತು ಅಂತ ಬರೆಯುವ ಹಾಗಿಲ್ಲ, ಸುಮ್ನೆ ಹಾಕಿ ಹೋಗಬೇಕು. ಐನೂರರ ಬಹುಮಾನವನ್ನು ಅದೇ ದಿನ ನಿಲ್ಲಿಸಿದೆವು. ಮೊದಲ ವಾರ ಎಲ್ಲವೂ "ಇತರೆ"ಗೇ ಬಿತ್ತು. ಆ ಕ್ರೇಟು ಎತ್ತಿಸಿಬಿಟ್ಟೆ. ಮುಂದಿನ ಶನಿವಾರ ನೋಡಿದರೆ ಅಂಡರ್‌ಸೈಜ್ ತುಂಬಿ ತುಳುಕುತ್ತಿದೆ, ಡೆಂಟು ಅರ್ಧ ಆಗಿದೆ, ಉಳಿದವುಗಳ ತಳವೂ ಮುಚ್ಚಿಲ್ಲ. ಪ್ಯಾರೆಟೊ ಅಂದರೇನು ಅಂತ ಮತ್ತೆ ಹೇಳಬೇಕಾಗಲಿಲ್ಲ.

ಅಂಡರ್‌ಸೈಜ್ ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಆಪರೇಟರ್ ಕೇರ್‌ಲೆಸ್ ಸರ್." ಕಾರಣದಲ್ಲಿ ಮನುಷ್ಯರ ಹೆಸರು ಬರಬಾರದು ಅಂತ ರೂಲ್ ಮಾಡಿದೆ. ಫಿಶ್‌ಬೋನ್ (ಮೀನಿನ ಮುಳ್ಳಿನಂತೆ ಕಾರಣಗಳನ್ನು ಬರೆಯುವ ಚಿತ್ರ) ಬಗ್ಗೆ ನಾನು ಹೇಳಿಕೊಟ್ಟದ್ದು ಇಷ್ಟೇ, ಮುಳ್ಳು ತಲೆ ಏನೂ ಬಿಡಿಸಲಿಲ್ಲ. ಮೂರನೇ ದಿನ ಹಾವೇರಿಯ ಹುಡುಗನೊಬ್ಬ ಹೇಳಿದ: "ಸರ್, ಮಷೀನ್ ಹತ್ರ ಓಕೆ ಬರ್ತೈತ್ರಿ, ಇನ್‌ಸ್ಪೆಕ್ಷನ್ ರೂಮಿಗೆ ಹೋದ್ಮ್ಯಾಲ ಸಣ್ಣ ಆಗ್ತೈತ್ರಿ." ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಕಬ್ಬಿಣ ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತದೆ. ಲೇತ್‌ನಲ್ಲಿ ಪೀಸು ಹಿಡಿಯುವ ಚಕ್‌ನಿಂದ ಆಗಷ್ಟೇ ತೆಗೆದ ಜಾಬ್ ರೂಮಿಗಿಂತ ಇಪ್ಪತ್ತು ಡಿಗ್ರಿ ಬಿಸಿ ಇದ್ದರೆ, 40 ಎಂಎಂಗೆ ಒಂಬತ್ತು ಮೈಕ್ರಾನ್ ದಪ್ಪ ಕಾಣುತ್ತದೆ. ಆಪರೇಟರ್ ಅಳೆದಾಗ 39.992, ಟಾಲರೆನ್ಸಿನ ನಟ್ಟ ನಡುವೆ. ತಣ್ಣಗಾದ ಮೇಲೆ 39.983, ಸ್ಕ್ರ್ಯಾಪು. ಓವರ್‌ಸೈಜ್ ಆಗಿದ್ದರೆ ಇನ್ನೊಂದು ಕಟ್ ಕೊಡಬಹುದಿತ್ತು, ಅಂಡರ್‌ಸೈಜ್‌ಗೆ ಗುಜರಿಯೇ ಗತಿ. ಅದರಲ್ಲೂ ಕೂಲಂಟ್ (ತಣಿಸುವ ದ್ರವ) ಕಮ್ಮಿಯಾಗಿದ್ದ ಎರಡು ಮಷೀನುಗಳ ಮಾಲೇ ಜಾಸ್ತಿ ಹೋಗುತ್ತಿತ್ತು.

ಇದಕ್ಕೆ ಓನರ್ ಏರ್ ಗೇಜ್ (ಗಾಳಿ ಹಾಯಿಸಿ ಅಳೆಯುವ ಸಾಧನ) ಕೊಟೇಶನ್ ತರಿಸಿ ಇಟ್ಟಿದ್ದರು, ಎರಡು ಲಕ್ಷದ ಮೇಲೆ. ನಾವು ಮಾಡಿದ್ದು ಬೇರೆ. ಕೂಲಂಟ್ ತುಂಬಿಸಿದೆವು. ಅಳೆಯುವ ಜಾಬನ್ನು ಎರಕದ ಪ್ಲೇಟಿನ ಮೇಲೆ ಸ್ವಲ್ಪ ಹೊತ್ತು ಇಟ್ಟು, ಅದರ ಪಕ್ಕದಲ್ಲೇ ಇರುವ ಮಾಸ್ಟರ್ ಪೀಸಿಗೆ (ಅಳತೆ ಖಚಿತವಾಗಿ ಗೊತ್ತಿರುವ ಪೀಸು) ಡಯಲ್ ಸ್ನ್ಯಾಪ್ ಗೇಜ್ (ಹೆಚ್ಚುಕಮ್ಮಿ ತೋರಿಸುವ ಮುಳ್ಳಿನ ಗೇಜ್) ಝೀರೋ ಮಾಡಿ ಹೋಲಿಸುವುದು. ಎಷ್ಟು ಹೊತ್ತು ಇಡಬೇಕು, ಎಷ್ಟನೇ ಪೀಸಿಗೆ ಆಫ್‌ಸೆಟ್ (ಮಷೀನಿಗೆ ಕೊಡುವ ಅಳತೆಯ ತಿದ್ದುಪಡಿ) ಎಷ್ಟು ಬಿಟ್ಟುಕೊಳ್ಳಬೇಕು ಅನ್ನುವ ಚಾರ್ಟು ನಮ್ಮ ಶಾಪಿನದು. ಅದನ್ನು ಇಲ್ಲಿ ಹಾಕುವುದಿಲ್ಲ, ಕ್ಷಮಿಸಿ. ಹೊಟ್ಟೆಪಾಡು. ಡೆಂಟಿಗೆ ಪಿವಿಸಿ ಪೈಪು ಕತ್ತರಿಸಿ ಕ್ರೇಟಿನೊಳಗೆ ಗೂಡು ಮಾಡಿಸಿದೆವು, ನಾಲ್ಕು ಸಾವಿರ ಆಗಿರಬೇಕು.

ಲೆಕ್ಕ ಹೀಗಿದೆ. ತಿಂಗಳಿಗೆ ಇಪ್ಪತ್ತು ಸಾವಿರ ಪೀಸು, ಒಂದಕ್ಕೆ ನಮ್ಮ ಕೈಯಿಂದ ನೂರನಲವತ್ತು ಬಿದ್ದಿರುತ್ತದೆ. ನೂರಕ್ಕೆ ಮೂರು ಉಳಿದರೆ ತಿಂಗಳಿಗೆ ಎಂಬತ್ತು ಸಾವಿರದ ಮೇಲೆ. ಗುಜರಿ ದುಡ್ಡು ಕಳೆದರೂ ಎಪ್ಪತ್ತಕ್ಕೆ ಮೋಸವಿಲ್ಲ. ಏರ್ ಗೇಜ್ ಕೊಟೇಶನ್ ಇನ್ನೂ ಡ್ರಾಯರ್‌ನಲ್ಲೇ ಇದೆ.

ನಡುವೆ ಒಂದು ಪ್ರಯೋಗ. ಒಂದೇ ಜಾಬ್ ಓಡುವ ಎರಡು ಮಷೀನು. ಒಂದರಲ್ಲಿ ಪ್ರತಿ ಅಳತೆಗೂ ಆಫ್‌ಸೆಟ್ ಕೊಡು ಅಂದೆ. ಇನ್ನೊಂದರಲ್ಲಿ ಹತ್ತಕ್ಕೊಂದು ಪೀಸು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡು, ಚುಕ್ಕಿ ಒಂದೇ ಕಡೆ ಜಾರುತ್ತಿದೆ ಅನ್ನಿಸಿದರೆ ಮಾತ್ರ ಮುಟ್ಟು ಅಂದೆ. ಮೊದಲನೆಯದರ ಅಳತೆಗಳ ಹರಡು ಸುಮಾರು ಒಂದೂವರೆ ಪಟ್ಟು ಜಾಸ್ತಿ ಬಂತು. ಅಮೆರಿಕದ ಕ್ವಾಲಿಟಿ ಗುರು ಡೆಮಿಂಗ್ ಆಲಿಕೆ, ಗೋಲಿ ಇಟ್ಟುಕೊಂಡು ತೋರಿಸುತ್ತಿದ್ದದ್ದು ಇದನ್ನೇ. ಕೈ ಸುಮ್ಮನಿಡುವುದನ್ನು ಕಲಿಸುವುದು ಎಲ್ಲಕ್ಕಿಂತ ಕಷ್ಟ, ಸೀನಿಯರ್ ಆಪರೇಟರ್‌ಗಳಿಗಂತೂ ಇನ್ನೂ ಕಷ್ಟ.

ಡೆಮಿಂಗ್‌ನ ಕೆಂಪು ಮಣಿ ಆಟವನ್ನೂ ಆಡಿಸಿದೆ. ಚಿಕ್ಕಪೇಟೆಯಿಂದ ಬಿಳಿ, ಕೆಂಪು ಮಣಿ ತಂದೆ, ಐದಕ್ಕೆ ಒಂದು ಕೆಂಪು. ಅಲ್ಯುಮಿನಿಯಂ ಪಟ್ಟಿಗೆ ಐವತ್ತು ಗುಳಿ ನಮ್ಮಲ್ಲೇ ಡ್ರಿಲ್ ಮಾಡಿಸಿದೆ. ಎಲ್ಲ ಸೇರಿ ಐನೂರು ಆಗಿರಬಹುದು. ಇದು ಹುಡುಗರಿಗಲ್ಲ, ಓನರ್‌ಗೆ. ಅವರನ್ನೇ ಸೂಪರ್‌ವೈಸರ್ ಮಾಡಿ, ಕೆಂಪು ಜಾಸ್ತಿ ಬಂದವನನ್ನು ಬೈಯಿರಿ ಅಂದೆ. ಮೂರು ಸುತ್ತು ಬೈದರು. ನಾಲ್ಕನೇ ಸುತ್ತಿನಲ್ಲಿ, ಬೈಸಿಕೊಂಡವನಿಗೇ ಎಲ್ಲರಿಗಿಂತ ಕಮ್ಮಿ ಕೆಂಪು ಬಂತು. "ಇದ್ರಲ್ಲಿ ಅವ್ರದ್ದೇನ್ರೀ ತಪ್ಪು, ಡಬ್ಬದಲ್ಲೇ ಕೆಂಪು ಇದೆಯಲ್ಲ" ಅಂದರು. ಆವತ್ತಿನಿಂದ ಮೀಟಿಂಗಿನಲ್ಲಿ "ಯಾವನು ಮಾಡಿದ್ದು" ಅನ್ನುವ ಮಾತು ಕಮ್ಮಿಯಾಗಿದೆ. ಪೂರ್ತಿ ನಿಂತಿಲ್ಲ.

ಏಳು ಟೂಲ್ಸ್‌ನಲ್ಲಿ ನಾನು ಕಲಿಸಿದ್ದು ಚೆಕ್ ಶೀಟು, ಪ್ಯಾರೆಟೊ, ಗ್ರಾಫು, ಅರ್ಧ ಫಿಶ್‌ಬೋನು. ಹಿಸ್ಟೋಗ್ರಾಂ, ಸ್ಕ್ಯಾಟರ್, ಕಂಟ್ರೋಲ್ ಚಾರ್ಟು ಮುಟ್ಟಿಲ್ಲ. ಕೆಲಸಗಾರರೇ ಕೂತು ಈ ಟೂಲ್ಸ್ ಬಳಸಿ ದೋಷ ಬಗೆಹರಿಸುವ ಕ್ವಾಲಿಟಿ ಸರ್ಕಲ್ ನಮ್ಮ ದೇಶದಲ್ಲಿ ಶುರುವಾದದ್ದು 1980ರಲ್ಲಿ, ಹೈದರಾಬಾದಿನ ಬಿಎಚ್‌ಇಎಲ್‌ನಲ್ಲಿ. ಅಷ್ಟು ದೊಡ್ಡ ಕಾರ್ಖಾನೆಗೆ ಏಳೂ ಬೇಕು. ನಲವತ್ತು ಜನರ ಶಾಪಿಗೆ ಮೊದಲ ವರ್ಷ ಇಷ್ಟು ಸಾಕು ಅನ್ನುವುದು ನನ್ನ ವಾದ. ಆಡಿಟರ್ ಒಪ್ಪಲ್ಲ, ಬಿಡಿ.

ರಾತ್ರಿ ಶಿಫ್ಟು ಇನ್ನೂ ಹಿಡಿತಕ್ಕೆ ಬಂದಿಲ್ಲ, ಅಲ್ಲಿ ಟೀ ಟೈಮೇ ಸರಿಯಾಗಿಲ್ಲ. ದೀಪಾವಳಿಗೆ ಹೋದವರಲ್ಲಿ ಐದು ಜನ ವಾಪಸ್ ಬರಲಿಲ್ಲ. ಓನರ್ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಹೊಸಬರಿಗೆ ಈಗ ಆರು ಪೀಸಿನ ಪರೀಕ್ಷೆ ಮಾಡಿಸುತ್ತಿರುವುದು ನಾನಲ್ಲ, ಆ ಹಾವೇರಿ ಹುಡುಗ. ಮುಂದಿನ ತಿಂಗಳು ಇದೇ ಕ್ರೇಟಿನ ಸಾಲನ್ನು ನಮ್ಮ ಪ್ಲೇಟಿಂಗ್ ಮಾಡಿಕೊಡುವವರ ಹತ್ತಿರ ಇಡಿಸಬೇಕು ಅಂತಿದ್ದೇನೆ. ಜಾಗ ಇಲ್ಲ ಅನ್ನುತ್ತಿದ್ದಾರೆ. ಕ್ರೇಟು ನಾವೇ ಕೊಡುತ್ತೇವೆ ಅಂದಿದ್ದೇವೆ, ನೋಡಬೇಕು.