ಮರದ ನೆಲ: ಬಣ್ಣಕ್ಕಿಂತ ಮೊದಲು ತೇವ ನೋಡಿ

ಮಲೆನಾಡಿನ ಹಳೇ ಮನೆಗಳ ಮಹಡಿಯಲ್ಲಿ ತೊಲೆಯ ಮೇಲೆ ಹಲಗೆ ಹಾಸಿರುತ್ತಾರೆ. ಹಲಗೆಯ ಮೇಲೂ ಗಾಳಿ, ಕೆಳಗೂ ಗಾಳಿ. ಎಷ್ಟು ಮಳೆ ಹೊಯ್ದರೂ ಎರಡೂ ಮೈ ಒಂದೇ ಸಮ ತೇವ ಹೀರಿ ಒಂದೇ ಸಮ ಆರುತ್ತವೆ. ಕಾಂಕ್ರೀಟಿನ ಮೇಲೆ ಹಾಸಿದಾಗ ಹಾಗಲ್ಲ. ತೇವ ಅಡಿಯಿಂದ ಏರುತ್ತದೆ, ಮೇಲ್ಮೈ ಫ್ಯಾನಿನ ಗಾಳಿಗೆ ಒಣಗುತ್ತದೆ. ಅಡಿಭಾಗ ಹಿಗ್ಗಿ, ಎರಡೂ ಅಂಚು ಎದ್ದು ಹಲಗೆ ದೋಣಿಯಾಗುತ್ತದೆ. ಎಷ್ಟು ದುಬಾರಿ ಮರವಾದರೂ ಇದನ್ನು ತಡೆಯದು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನೆಲ ಪರೀಕ್ಷಿಸಿ. ಎರಡಡಿ ಚೌಕದ ದಪ್ಪ ಪಾಲಿಥೀನ್ ಹಾಳೆಯನ್ನು ಸಿಮೆಂಟ್ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಗೆ ಹನಿ ಕಂಡರೆ, ಅಥವಾ ಅಡಿಯ ಸಿಮೆಂಟು ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಹೊಸ ಗಾರೆ ಒಣಗಲು ದಪ್ಪದ ಪ್ರತಿ ಇಂಚಿಗೆ ಒಂದು ತಿಂಗಳು ಎಂದು ಅಂದಾಜು. ನೆಲ ಸಮತಟ್ಟೂ ಇರಬೇಕು: ಆರಡಿ ಉದ್ದದ ನೇರ ಪಟ್ಟಿ ಇಟ್ಟಾಗ ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಕಂಡರೆ ನಡೆದಾಗಲೆಲ್ಲ ಹಲಗೆ ಕಿರುಗುಟ್ಟುತ್ತದೆ.

ಕೆಳಮಹಡಿಗೂ ಕರಾವಳಿಯ ಮನೆಗೂ ಎಂಜಿನಿಯರ್ಡ್ ಹಲಗೆಯೇ ಸೂಕ್ತ. ಅದರಲ್ಲಿ ಅಡ್ಡಡ್ಡ ಅಂಟಿಸಿದ ಮರದ ಪದರಗಳು ಒಂದನ್ನೊಂದು ಹಿಗ್ಗಗೊಡುವುದಿಲ್ಲ. ಒಟ್ಟು 14 ಮಿ.ಮೀ. ದಪ್ಪ ಇದ್ದು, ಮೇಲಿನ ಅಸಲಿ ಮರದ ಪದರ 3ರಿಂದ 4 ಮಿ.ಮೀ. ಇರಲಿ, ಅದಕ್ಕಿಂತ ತೆಳುವಾದರೆ ಮುಂದೆ ಉಜ್ಜಿ ಪಾಲಿಶ್ ಮಾಡಲು ಮರವೇ ಇರುವುದಿಲ್ಲ. ಇರುವ ಟೈಲ್ಸ್ ಮೇಲೆಯೇ ಹಾಸುವುದಾದರೆ ಅಡಿಯ ಫೋಮ್ ಸೇರಿ 16 ಮಿ.ಮೀ. ಏರುತ್ತದೆ, ಬಾಗಿಲ ಅಡಿ ಕೊಯ್ಯಿಸಬೇಕು. ಲ್ಯಾಮಿನೇಟ್ ಎಂದು ಮಾರುವುದು ಮರದ ನೆಲವಲ್ಲ. ಒತ್ತಿದ ಹಲಗೆಯ ಮೇಲೆ ಮರದ ಚಿತ್ರದ ಕಾಗದ.

ಇಡೀ ಮರವೇ ಬೇಕೆಂದರೆ ತೇಗ. ಓಕ್‌ಗಿಂತ ಅದು ಮೆತ್ತಗೆ, ಕುರ್ಚಿ ಕಾಲು ಎಳೆದರೆ ಗೀರು ಬೀಳುತ್ತದೆ. ಆದರೂ ತೇವಕ್ಕೆ ಕಡಿಮೆ ಆಡುತ್ತದೆ, ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ದಾಂಡೇಲಿ, ಬರ್ಮಾ, ಘಾನಾ ಎಂದು ಯಾವ ಹೆಸರಿನಲ್ಲಿ ಮಾರಿದರೂ ತೇಗ ಒಂದೇ ಜಾತಿಯ ಮರ. ನೋಡಬೇಕಾದ್ದು ಅಂಚಿನ ಬಿಳಿ ಭಾಗ ಎಷ್ಟಿದೆ ಎಂದು. ಎಳೇ ಮರದಲ್ಲಿ ಅದು ಹೆಚ್ಚು, ಹುಳು ಬೀಳುವುದೂ ಅಲ್ಲೇ.

ಹಲಗೆಯ ತುದಿಯನ್ನು ತಿರುಗಿಸಿ ನೋಡಿ. ಉಂಗುರದ ಗೆರೆಗಳು ಮಲಗಿದ್ದರೆ ಅಗಲ ಪೂರ್ತಿ ಹಿಗ್ಗುತ್ತದೆ, ನಿಂತಿದ್ದರೆ ಹೆಚ್ಚುಕಡಿಮೆ ಅದರ ಅರ್ಧ. ತೇವದ ಮೀಟರ್ ಚುಚ್ಚಿಸದೆ ದುಡ್ಡು ಕೊಡಬೇಡಿ: ಬೆಂಗಳೂರಿಗೆ ಶೇ. 10ರಿಂದ 12 ಸರಿ. ಅದೇ ಮರ ಮಂಗಳೂರಿನ ಮಳೆಗಾಲದಲ್ಲಿ ಶೇ. 16 ದಾಟುತ್ತದೆ. ನಾಲ್ಕು ಅಂಕ ಏರಿದರೆ ಹತ್ತಡಿ ಅಗಲದ ಕೋಣೆಯಲ್ಲಿ, ಗೆರೆ ಮಲಗಿದ ತೇಗದ ಹಲಗೆಗಳೆಲ್ಲ ಸೇರಿ ಸುಮಾರು 22 ಮಿ.ಮೀ. ಹಿಗ್ಗುತ್ತವೆ. ಗೋಡೆಯ ಪಕ್ಕ ಎರಡೂ ಕಡೆ 12 ಮಿ.ಮೀ. ಜಾಗ ಬಿಡುವುದು ಅದಕ್ಕೇ. ಸ್ಕರ್ಟಿಂಗ್ ಅದನ್ನು ಮುಚ್ಚುವಷ್ಟು ದಪ್ಪ ಇರಲಿ. ಚೆಂದ ಕಾಣಲೆಂದು ಬಡಗಿ ಗೋಡೆಗೆ ಒತ್ತಿ ಕೂರಿಸಿದರೆ ಜುಲೈನಲ್ಲಿ ಕೋಣೆಯ ನಡುವೆ ನೆಲ ಗುಡ್ಡದಂತೆ ಏಳುತ್ತದೆ.

12x12 ಅಡಿ ಕೋಣೆಗೆ ಒಂದಿಂಚು ದಪ್ಪದಲ್ಲಿ ಲೆಕ್ಕ ಹಾಕಿದರೆ 12 ಘನ ಅಡಿ. ಹಲಗೆಗಳು ಒಂದಕ್ಕೊಂದು ಸಿಕ್ಕಿಕೊಳ್ಳಲೆಂದು ಅಂಚಿಗೆ ನಾಲಿಗೆ ಕೊರೆಯುವಲ್ಲಿ ಅಗಲ ಹೋಗುತ್ತದೆ, ತುಂಡು ಕತ್ತರಿಸುವಲ್ಲಿ ಇನ್ನಷ್ಟು. 15 ಘನ ಅಡಿ ತನ್ನಿ. ಹತರಿ ಹೊಡೆದು 20 ಮಿ.ಮೀ.ಗೆ ನಿಲ್ಲಬೇಕು. ಹಾಸುವ ಕೋಣೆಯಲ್ಲೇ ನಡುವೆ ಪಟ್ಟಿ ಕೊಟ್ಟು ಪೇರಿಸಿ, ಎರಡು ವಾರ ಬಿಟ್ಟು ಮೀಟರ್ ಮತ್ತೆ ಚುಚ್ಚಿ ನೋಡಿ.

ಅಡುಗೆಮನೆ, ಬಚ್ಚಲ ಬಾಗಿಲು, ಎಣ್ಣೆ ಚೆಲ್ಲುವ ದೇವರ ಕೋಣೆ ಇಲ್ಲೆಲ್ಲ ಮರ ಬೇಡ. ಬಕೆಟ್ ನೀರು ಸುರಿದು ಒರೆಸುವ ಮನೆಯಲ್ಲಂತೂ ಬೇಡವೇ ಬೇಡ, ಹಿಂಡಿದ ಬಟ್ಟೆಯಷ್ಟೇ ಸಾಕು. ಉಳಿದ ನಾಲ್ಕೈದು ಹಲಗೆಗಳನ್ನು ಅಟ್ಟಕ್ಕೆ ಹಾಕದೆ ಅದೇ ಕೋಣೆಯ ಮಂಚದ ಕೆಳಗಿಡಿ. ಮುಂದೆ ಒಂದು ಹಲಗೆ ಬದಲಿಸಬೇಕಾದಾಗ ತೇವವೂ ಅಳತೆಯೂ ಹೊಂದಿಕೊಂಡಿರುತ್ತದೆ.